ಹಡಿಲು ಗದ್ದೆಯಲ್ಲಿ ಭತ್ತದ ನೇಜಿಗಿಂತ ಹುಲ್ಲೇ ಜಾಸ್ತಿ, ಈಗ ಎಂತ ಮಾಡುವುದು?

ಬೈಲುಮನೆ, ಕಾಪು:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಪು ಹತ್ತಿರ ಎಕರೆಗೆ ಸ್ವಲ್ಪ ಕಡಿಮೆ ಇರುವ ಬೈಲು ಗದ್ದೆ. ಸುಮಾರು ವರ್ಷ ಬೇಸಾಯ ಇಲ್ಲದೆ ಹಡಿಲು ಬಿದ್ದಿತ್ತು. 2021ರಲ್ಲಿ ಉಡುಪಿ ಕಡೆ ಹಡಿಲು ಗದ್ದೆ ಬೇಸಾಯದ ಆಂದೋಲನ ಆಯ್ತಲ್ಲ, ಆಗ ನೆರೆಕರೆಯವರು ಕೆಲವರು ಪುನಃ ಗದ್ದೆಗೆ ಇಳಿದರು. ನಾವು ತಡವಾಗಿ, ಈಗ ಕೈ ಹಾಕಿದ್ದೇವೆ. ಈ ಏಣಿಲಿಗೆ (ಮುಂಗಾರಿನ ಬೆಳೆಗೆ) ಎಂಒ4 ತಳಿಯ ಭತ್ತ ಹಾಕಿ ಯಂತ್ರದಲ್ಲಿ ನಾಟಿ ಮಾಡಿಸಿದ್ದು. ನಾಟಿ ಆಗಿ ಎರಡು ವಾರ ದಾಟಿತು.

ಸಮಸ್ಯೆ ಕಳೆ. ರಸ್ತೆಯಲ್ಲಿ ನಿಂತು ನೋಡಿದರೆ ಗದ್ದೆ ಹಸಿರಾಗಿ ಚಂದ ಕಾಣುತ್ತದೆ, ಇಳಿದು ನೋಡಿದರೆ ಅರ್ಧಕ್ಕರ್ಧ ಹುಲ್ಲು ಮಾರಾಯ್ರೆ. ಒಂದು ಜಾತಿ ಭತ್ತದ ಹಾಗೆಯೇ ಉಂಟು, ಬುಡ ಸ್ವಲ್ಪ ಕೆಂಪು. ಇನ್ನೊಂದರ ದಂಟು ಬೆರಳಲ್ಲಿ ಉರುಟಿಸಿದರೆ ಮೂರು ಮೂಲೆ ಸಿಗುತ್ತದೆ. ಮತ್ತೆ ಅಗಲ ಎಲೆಯ ಒಂದಿಷ್ಟು ಗಿಡ, ಹೆಸರು ಗೊತ್ತಿಲ್ಲ. ಅಮ್ಮ ಕೈಯಲ್ಲೇ ಕೀಳಬೇಕು ಅನ್ನುತ್ತಾರೆ, ಆದರೆ ಕೀಳುವವರನ್ನು ಎಲ್ಲಿಂದ ತರುವುದು? ಪಕ್ಕದ ಗದ್ದೆಯವರು "ಸುಮ್ನೆ ಒಂದು ಮದ್ದು ಬಿಡಿ, ವಾರದಲ್ಲಿ ಕರಟುತ್ತದೆ" ಅನ್ನುತ್ತಾರೆ. ನನ್ನ ಹೆದರಿಕೆ ಎಂತ ಅಂದರೆ ಗದ್ದೆಯ ಕೆಳಗಿನ ಮೂಲೆಯಲ್ಲೇ ನಮ್ಮ ಕುಡಿಯುವ ನೀರಿನ ಬಾವಿ. ಯೂರಿಯಾ ತಂದಿಟ್ಟಿದ್ದೇನೆ, ಅದನ್ನು ಈಗ ಹಾಕುವುದೋ ಬೇಡವೋ ಅದೂ ಗೊತ್ತಾಗುತ್ತಿಲ್ಲ. ಗೊತ್ತಿದ್ದವರು ಹೇಳಿ.


ಬ್ರಹ್ಮಾವರದವ:

ಮೊದಲು ಯೂರಿಯಾ ಚೀಲದ ಬಾಯಿ ಕಟ್ಟಿಡಿ. ಕಳೆ ಇರುವಾಗ ಮೇಲುಗೊಬ್ಬರ ಹಾಕಿದರೆ ಅದನ್ನು ಮೊದಲು ತಿನ್ನುವುದು ಹುಲ್ಲು, ಉಳಿದದ್ದು ಭತ್ತಕ್ಕೆ. ಕಳೆ ಹೋದ ಮೇಲೆ ಹಾಕಿ. ನಾಲ್ಕೈದು ದಿನ ತಡ ಆದರೆ ಏನೂ ಆಗುವುದಿಲ್ಲ.

ಎರಡನೆಯದು, ಮದ್ದೋ ಕೈಯೋ ಅಂತ ಯೋಚನೆ ಮಾಡುವ ಮೊದಲು ಯಾವ ಕಳೆ ಅಂತ ನೋಡಿ. ನೀವು ಹೇಳಿದ ಕೆಂಪು ಬುಡದ್ದು ಎಕಿನೋಕ್ಲೋವಾ ಜಾತಿಯ ಹುಲ್ಲು ಇರಬೇಕು. ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಗಿಡ ಕಿತ್ತು, ಎಲೆ ದಂಟಿನಿಂದ ಬೇರೆಯಾಗುವ ಜಾಗವನ್ನು ಮೆಲ್ಲ ಹಿಂದಕ್ಕೆ ಬಗ್ಗಿಸಿ ನೋಡಿ. ಭತ್ತಕ್ಕೆ ಅಲ್ಲಿ ತೆಳು ಬಿಳಿ ಪೊರೆಯ ಸಣ್ಣ ನಾಲಿಗೆ ಇರುತ್ತದೆ, ತುದಿ ಎರಡಾಗಿ ಸೀಳಿರುತ್ತದೆ, ಪಕ್ಕದಲ್ಲಿ ರೋಮ ಇರುವ ಎರಡು ಕಿವಿ. ಈ ಹುಲ್ಲಿಗೆ ಆ ಜಾಗ ಪೂರ್ತಿ ಬೋಳು. ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ. ಎಲೆಯ ನಡುನರವೂ ಬೆಳ್ಳಗೆ ಎದ್ದು ಕಾಣುತ್ತದೆ. ಒಮ್ಮೆ ಕಣ್ಣಿಗೆ ಅಭ್ಯಾಸ ಆದರೆ ಬಗ್ಗಿಸಿ ನೋಡುವುದೂ ಬೇಡ.

ಈ ಹುಲ್ಲು ಭತ್ತದ ಹಾಗೆ ಕಾಣುವುದಕ್ಕೂ ಒಂದು ಕಾರಣ ಉಂಟು. ತಲೆತಲಾಂತರದಿಂದ ಜನ ಕೈಯಲ್ಲಿ ಕಳೆ ಕೀಳುತ್ತಾ ಬಂದರಲ್ಲ, ಬೇರೆಯಾಗಿ ಕಂಡದ್ದೆಲ್ಲ ಕಿತ್ತು ಹೋಯಿತು, ಭತ್ತದ ಹಾಗೆ ಕಂಡದ್ದು ಕಣ್ಣು ತಪ್ಪಿಸಿ ಉಳಿದು ಬೀಜ ಉದುರಿಸಿತು. ಹಾಗೇ ಆಗಿ ಆಗಿ ಈಗ ನಾಟಿ ಮಾಡಿದವರಿಗೇ ಗೊತ್ತಾಗದಷ್ಟು ಹೋಲಿಕೆ. ರಷ್ಯಾದ ವಿಜ್ಞಾನಿ ವಾವಿಲೋವ್ ಇಂಥದ್ದನ್ನು ಗಮನಿಸಿದ್ದರು. ರೈ ಎಂಬ ಧಾನ್ಯವೇ ಮೊದಲು ಗೋಧಿ ಹೊಲದ ಕಳೆಯಾಗಿದ್ದು ಆಮೇಲೆ ಬೆಳೆಯಾದದ್ದು ಅಂತ ಹೇಳಿದವರೂ ಅವರೇ.

ಮೂರು ಮೂಲೆಯದ್ದು ಜೇಕಿನ ಜಾತಿ. ಅಗಲ ಎಲೆಯದ್ದು ಆಮೇಲೆ ನೋಡುವ. ಒಂದು ಪ್ರಶ್ನೆ: ಕಳೆ ಇಡೀ ಗದ್ದೆಯಲ್ಲಿ ಒಂದೇ ಸಮ ಉಂಟಾ? ನೀರು ಎಲ್ಲ ಕಡೆ ನಿಲ್ಲುತ್ತದಾ?


ಬೈಲುಮನೆ, ಕಾಪು:

ನೋಡಿ ಬಂದೆ. ನೀವು ಹೇಳಿದ ಹಾಗೆ ನಾಲಿಗೆ ಇಲ್ಲ, ಬೋಳೇ. ಕಳೆ ಎಲ್ಲ ಕಡೆ ಒಂದೇ ಸಮ ಇಲ್ಲ. ಮೇಲಿನ ಬದಿ, ಅಂದರೆ ರಸ್ತೆ ಕಡೆಯ ಅರ್ಧದಲ್ಲಿ ತುಂಬಾ. ಅಲ್ಲಿ ಮಳೆ ಬಿಟ್ಟ ಮರುದಿನ ಕೆಸರು ಕಾಣುತ್ತದೆ, ನೀರು ನಿಲ್ಲುವುದಿಲ್ಲ. ಕೆಳಗೆ ತೋಡಿನ (ಹಳ್ಳದ) ಕಡೆ ಯಾವಾಗಲೂ ನೀರು ಉಂಟು, ಅಲ್ಲಿ ಹುಲ್ಲು ಕಡಿಮೆ. ಅಗಲ ಎಲೆಯ ನೀಲಿ ಹೂವಿನ ಗಿಡ ಮಾತ್ರ ಅಲ್ಲೇ ಜಾಸ್ತಿ.


ಬ್ರಹ್ಮಾವರದವ:

ಹಾಗಾದರೆ ನಿಮ್ಮ ಉತ್ತರ ನೀವೇ ಬರೆದಿದ್ದೀರಿ. ಗದ್ದೆ ಸಮ ಇಲ್ಲ. ಈ ಹುಲ್ಲಿನ ಮೊಳಕೆ ಮೇಲೆದ್ದು ಬೆಳೆಯಲು ಗಾಳಿ ಬೇಕು. ಗದ್ದೆಯಲ್ಲಿ ಎರಡು ಇಂಚು ನೀರು ನಿಂತರೆ ಹೆಚ್ಚಿನ ಬೀಜ ಮೇಲೇಳುವುದಿಲ್ಲ. ಜೇಕಿನ ಹಲವು ಜಾತಿಗೂ ಅದೇ. ಮೇಲಿನ ಬದಿ ನೀರು ನಿಲ್ಲಲಿಲ್ಲ, ಅಲ್ಲಿ ಹುಟ್ಟಿತು. ಕೆಳಗೆ ನೀರು ಇತ್ತು, ಅಲ್ಲಿ ನೀರಲ್ಲೇ ಮೊಳೆಯುವ ಜಾತಿ ಬಂತು. ನೀಲಿ ಹೂವಿನದ್ದು ಮೊನೊಕೋರಿಯಾ ಇರಬೇಕು, ಅದಕ್ಕೆ ನೀರೇ ಇಷ್ಟ. ನೀರಿನ ಆಳ ನೋಡಿದರೆ ಸಾಕು, ಯಾವ ಕಳೆ ಬರುತ್ತದೆ ಅಂತ ಹೇಳಬಹುದು.

ಹಡಿಲು ಬಿದ್ದ ಗದ್ದೆಯಲ್ಲಿ ಇದು ಇದ್ದದ್ದೇ. ಮೊದಲು ಕೋಣ ಕಟ್ಟಿ ಹಲಗೆ ಎಳೆಯುವಾಗ ಗದ್ದೆ ತಾನಾಗಿ ಸಮ ಆಗುತ್ತಿತ್ತು, ಪ್ರತಿ ವರ್ಷ. ಈಗ ಟಿಲ್ಲರ್ ಎರಡು ಸುತ್ತು ಹೊಡೆದು ಹೋಗುತ್ತದೆ, ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ಹುಣಿಯನ್ನೂ (ಗದ್ದೆಯ ಬದುವನ್ನೂ) ಏಡಿ ತೂತು ಮಾಡಿರುತ್ತದೆ. ಉಡುಪಿಯಲ್ಲಿ ಇಷ್ಟು ಮಳೆ ಬಿದ್ದೂ ಗದ್ದೆಯಲ್ಲಿ ನೀರಿಲ್ಲ ಅಂದರೆ ಮಳೆ ಎಂತ ಮಾಡುವುದು ಹೇಳಿ. ಈ ವಾರವೇ ಹುಣಿ ಸುತ್ತ ಒಮ್ಮೆ ನಡೆದು ತೂತು ಮುಚ್ಚಿ.


ಟಿಲ್ಲರ್ ಅಣ್ಣ, ಕಾರ್ಕಳ:

ಸಮ ಮಾಡುವುದೆಲ್ಲ ಮುಂದಿನ ವರ್ಷದ ಮಾತು ಅಣ್ಣ, ಅವರಿಗೆ ಈಗಿನ ಹುಲ್ಲಿಗೆ ಉತ್ತರ ಬೇಕಲ್ವಾ. ನಾನು ಮದ್ದು ಬಿಡುವವನೇ, ಸುಳ್ಳು ಹೇಳುವುದಿಲ್ಲ. ಆದರೆ ಬಿಡುವ ಕ್ರಮ ಉಂಟು.

ನಾಟಿ ಆದ ಮೂರು ದಿನದೊಳಗೆ ಹಾಕುವ ಮದ್ದು ಬೇರೆ. ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್, ಮತ್ತೆ ಬೆನ್‌ಸಲ್ಫ್ಯೂರಾನ್ ಮೀಥೈಲ್ ಜೊತೆ ಪ್ರೆಟಿಲಾಕ್ಲೋರ್ ಸೇರಿದ ಹರಳು, ಎಕರೆಗೆ 4 ಕಿಲೋ, ಮರಳಲ್ಲಿ ಬೆರೆಸಿ ಎರಚುವುದು. ಇವೆಲ್ಲ ಹುಟ್ಟುವ ಮೊದಲಿನ ಕಳೆಗೆ. ನಿಮಗೆ ಆ ಹೊತ್ತು ದಾಟಿತು. ಈಗ ಅಂಗಡಿಯವರು ಅದನ್ನೇ ಕೊಟ್ಟರೆ ತರಬೇಡಿ, ಸುಮ್ನೆ ದುಡ್ಡು ದಂಡ.

ಈಗ ಆಗುವುದು ಬಿಸ್‌ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ, ಅಂದರೆ ಶೇಕಡಾ 10ರ ದ್ರವ. ಎಕರೆಗೆ 80ರಿಂದ 100 ಮಿಲಿ. ಕಳೆಗೆ ಮೂರು ನಾಲ್ಕು ಎಲೆ ಇರುವಾಗ ಬಿಟ್ಟರೆ ಹುಲ್ಲು, ಜೇಕು, ಅಗಲ ಎಲೆ ಮೂರಕ್ಕೂ ತಾಗುತ್ತದೆ. ಹುಲ್ಲು ಮೊಣಕಾಲಿಗೆ ಬಂದ ಮೇಲೆ ಬಿಟ್ಟರೆ ಹಳದಿ ಆಗಿ ಪುನಃ ಚಿಗುರುತ್ತದೆ. ಬಿಡುವ ಹಿಂದಿನ ದಿನ ನೀರು ಬಸಿಯಬೇಕು, ಕಳೆಯ ಎಲೆ ಮೇಲೆ ಕಾಣಬೇಕು, ಎಲೆಗೆ ಬೀಳದ ಮದ್ದು ಮದ್ದಲ್ಲ. ಎರಡು ಮೂರು ದಿನ ಬಿಟ್ಟು ಪುನಃ ನೀರು ಕಟ್ಟಬೇಕು. ಇದನ್ನೇ ಜನ ಮಾಡುವುದಿಲ್ಲ. ಸತ್ತ ಹುಲ್ಲಿನ ಜಾಗದಲ್ಲಿ ಖಾಲಿ ಕೆಸರು ಬಿಟ್ಟರೆ ಇನ್ನೊಂದು ಕಂತು ಹುಟ್ಟುತ್ತದೆ, ಆಮೇಲೆ ಮದ್ದು ಸರಿ ಇಲ್ಲ ಅನ್ನುತ್ತಾರೆ. ನೂಲಿನ ಹಾಗೆ ಸಣ್ಣ ಸಣ್ಣ ತೆನೆ ಕವಲು ಬಿಡುವ ಒಂದು ಹುಲ್ಲು ಬರುತ್ತದೆ, ಲೆಪ್ಟೋಕ್ಲೋವಾ ಅಂತ. ಅದು ಮಾತ್ರ ಈ ಮದ್ದಿಗೆ ಬಗ್ಗುವುದಿಲ್ಲ.

ದೊಡ್ಡ ಸಮಸ್ಯೆ ನಮ್ಮ ಊರಿನ ಮಳೆ. ಬಿಟ್ಟ ಮೇಲೆ ಐದಾರು ಗಂಟೆಯಾದರೂ ಮಳೆ ಬಿಡುವು ಬೇಕು. ಜುಲೈಯಲ್ಲಿ ಅದು ಸಿಗುವುದು ದೇವರ ದಯೆ. ಬೆಳಿಗ್ಗೆ ಬಿಸಿಲು ಬಂತು ಅಂತ ಮದ್ದಿನ ಡಬ್ಬ ಹೆಗಲಿಗೆ ಹಾಕಿದರೆ ಅರ್ಧ ಗದ್ದೆ ಆಗುವಾಗ ಪಡುವಣದಲ್ಲಿ ಕಪ್ಪಾಗುತ್ತದೆ. ಎರಡು ದಿನ ಕಾದು ಬಿಡುವು ನೋಡಿ ಬಿಡಿ. ಮಳೆಯ ಮಧ್ಯೆ ಬಿಟ್ಟರೆ ಕಳೆಯೂ ಸಾಯುವುದಿಲ್ಲ, ಮದ್ದೆಲ್ಲ ತೋಡಿಗೆ.

ಬಾವಿಯ ಬದಿ ಬಿಡಲೇ ಬೇಡಿ. ನಾನಾದರೆ ಆ ಕೆಳಗಿನ ಮೂಲೆ ಪೂರ್ತಿ ಬಿಟ್ಟುಬಿಡುತ್ತೇನೆ. ಹೇಗೂ ಅಲ್ಲಿ ಹುಲ್ಲು ಕಡಿಮೆ ಅಂತ ನೀವೇ ಹೇಳಿದ್ದೀರಿ. ನೀರು ಬಸಿಯುವುದೂ ಮದ್ದು ಬಿಡುವ ಮೊದಲು, ಬಿಟ್ಟ ಮೇಲೆ ನೀರು ಹೋಗುವ ಕಂಡಿ ಮುಚ್ಚಿಡಿ.

ಇನ್ನೊಂದು. 2,4-ಡಿ ಅಗ್ಗ ಅಂತ ಯಾರಾದರೂ ಹೇಳಬಹುದು. ಅದು ಅಗಲ ಎಲೆಗೆ ಮತ್ತು ಜೇಕಿಗೆ, ನಿಮ್ಮ ಮುಖ್ಯ ಕಳೆಯಾದ ಹುಲ್ಲಿಗೆ ಅಲ್ಲ. ಗಾಳಿಗೆ ಹಾರಿದರೆ ಪಕ್ಕದ ಬೆಂಡೆ, ಅಲಸಂಡೆ, ಬದನೆ ಎಲೆ ಎಲ್ಲ ಮುರುಟಿ ಹೋಗುತ್ತದೆ. ಮಟ್ಟು ಕಡೆ ಗುಳ್ಳ ಬದನೆ ಹಾಕುವವರ ಪಕ್ಕದಲ್ಲಿ ಅದನ್ನು ಬಿಟ್ಟು ನೋಡಿ, ನಿಮಗೆ ಊರಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಅದೇ ಡಬ್ಬದಲ್ಲಿ ಮತ್ತೆ ತರಕಾರಿಗೆ ಮದ್ದು ಹೊಡೆಯಲೂಬಾರದು, ಎಷ್ಟು ತೊಳೆದರೂ ಉಳಿಯುತ್ತದೆ.


ಶಾಂಭವಿ ತೀರ, ಮೂಲ್ಕಿ:

ಎಕರೆಯೂ ಇಲ್ಲದ ಗದ್ದೆಗೆ, ಬಾವಿ ಪಕ್ಕದಲ್ಲಿರುವಾಗ, ಎಲ್ಲರೂ ಮದ್ದಿನ ಲೆಕ್ಕ ಬರೆಯುತ್ತಿದ್ದೀರಲ್ಲ! ತಮ್ಮಾ, ನಿನ್ನದು ಯಂತ್ರ ನಾಟಿ. ಸಾಲಿಂದ ಸಾಲಿಗೆ ಒಂದಡಿ ಹತ್ತಿರ ಜಾಗ ಇರುತ್ತದೆ. ಅದರ ನಡುವೆ ಕೋನೋವೀಡರ್ ಓಡಿಸು. ಕೈಯಲ್ಲಿ ದೂಡುವ ಸಾಧನ ಅದು, ಮುಂದೆ ಹಲ್ಲಿರುವ ಎರಡು ಉರುಳೆ. ಕಳೆಯನ್ನು ಕಿತ್ತು ಕೆಸರಿಗೇ ಹೂಳುತ್ತದೆ, ಕೆಸರೂ ಕದಡಿ ಬೇರಿಗೆ ಗಾಳಿ ಸಿಗುತ್ತದೆ. ಕೈನಾಟಿ ಗದ್ದೆಯಲ್ಲಿ ಇದು ಓಡುವುದಿಲ್ಲ, ಸಾಲೇ ಇರುವುದಿಲ್ಲವಲ್ಲ. ಯಂತ್ರ ನಾಟಿ ಮಾಡಿಸಿದವರು ಇದನ್ನು ಉಪಯೋಗಿಸದೆ ಇರುವುದು ನನಗೆ ಅರ್ಥವೇ ಆಗುವುದಿಲ್ಲ. ಕೃಷಿ ಯಂತ್ರದ ಬಾಡಿಗೆ ಕೇಂದ್ರದಲ್ಲಿ ಕೇಳು, ಇಲ್ಲದಿದ್ದರೆ ಯಾರಾದರೂ ಬೇಸಾಯದವರ ಹತ್ತಿರ ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿರುತ್ತದೆ.

ಓಡಿಸುವಾಗ ಗದ್ದೆಯಲ್ಲಿ ಒಂದಿಂಚು ನೀರು ಇರಲಿ. ಒಣ ಕೆಸರಿನಲ್ಲಿ ಚಕ್ರ ಕಚ್ಚಿಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಕಳೆ ತೇಲಿ ಪುನಃ ಬೇರು ಬಿಡುತ್ತದೆ. ಒಮ್ಮೆ ಓಡಿಸಿ ಹತ್ತು ದಿನ ಬಿಟ್ಟು ಇನ್ನೊಮ್ಮೆ. ಸಾಲಿನ ಒಳಗೆ, ಬುಡಕ್ಕೆ ಅಂಟಿಕೊಂಡು ಬಂದ ಹುಲ್ಲು ಮಾತ್ರ ಕೈಯಲ್ಲಿ ಕೀಳಬೇಕು. ಅದಕ್ಕೆ ಆ ನಾಲಿಗೆ ಕಿವಿ ನೋಡುವ ಉಪಾಯ ಚೆನ್ನಾಗಿದೆ. ಅಮ್ಮನಿಗೆ ಅದು ಬೇಡ, ಅವರಿಗೆ ನೋಡಿದರೇ ಗೊತ್ತಾಗುತ್ತದೆ.

ಕಿತ್ತ ಹುಲ್ಲನ್ನು ಹುಣಿ ಮೇಲೆ ರಾಶಿ ಹಾಕಬೇಡ, ಮಳೆಗೆ ಅಲ್ಲೇ ಬೇರೂರುತ್ತದೆ. ಮಣ್ಣು ತೊಳೆದು ದನಕ್ಕೆ ಹಾಕು. ಎಕಿನೋ ಅಂತ ಏನೋ ಹೇಳಿದರಲ್ಲ, ಅದು ಎಳತಿದ್ದಾಗ ದನಕ್ಕೆ ಪಂಚಾಮೃತ. ಮದ್ದು ಬಿಟ್ಟವರಿಗೆ ಈ ಭಾಗ್ಯ ಇಲ್ಲ. ಹುಣಿ ಬದಿಯ ಹೊನಗೊನೆ, ತಿಮರೆ (ಒಂದೆಲಗ), ಗರುಗ ಇದನ್ನೆಲ್ಲ ಕಳೆ ಅಂತ ಲೆಕ್ಕ ಹಾಕುವುದೇ ತಪ್ಪು. ತಿಮರೆ ಚಟ್ನಿಗೆ ಈಗ ಪೇಟೆಯಲ್ಲಿ ಕಟ್ಟಿಗಿಷ್ಟು ಅಂತ ಕೊಟ್ಟು ತರುತ್ತಾರೆ. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತುವ ಮೀನು ನೆನಪುಂಟಾ ನಿಮಗೆಲ್ಲ? ಬ್ಯುಟಾಕ್ಲೋರ್ ಮೀನಿಗೆ ವಿಷ. ಮೀನು ಈಗ ಯಾಕೆ ಇಲ್ಲ ಅಂತ ಕೇಳುತ್ತಾರೆ, ಡಬ್ಬ ಹೆಗಲಲ್ಲೇ ಇರುತ್ತದೆ.


ಟಿಲ್ಲರ್ ಅಣ್ಣ, ಕಾರ್ಕಳ:

ಅಕ್ಕ, ಕೋನೋವೀಡರ್ ಒಳ್ಳೆಯದೇ, ಆದರೆ ಆಳದ ಬೈಲಿನಲ್ಲಿ ಅದನ್ನು ದೂಡುವವನ ಸೊಂಟ ಕೇಳಿ. ಕಾಲೇ ಮೊಣಕಾಲಿನವರೆಗೆ ಹುಗಿಯುವ ಕಡೆ ಅದೂ ಹುಗಿಯುತ್ತದೆ. ಅವರ ಮೇಲಿನ ಅರ್ಧಕ್ಕೆ ಆದೀತು, ಒಪ್ಪಿದೆ.


ಜೋಳದ ಹೊಲ, ಈಗ ಸುರತ್ಕಲ್:

ನಾನು ಗದಗ ಕಡೆಯವನು, ಕೆಲಸಕ್ಕೆ ಇಲ್ಲಿ. ಭತ್ತ ಗೊತ್ತಿಲ್ಲ, ಆದರೆ ಓದಿ ಮಜಾ ಬಂತು. ನಮ್ಮಲ್ಲಿ ಸಾಲಲ್ಲಿ ಬಿತ್ತಿ ಎಡೆಕುಂಟೆ ಹೊಡೆಯುವುದು, ಅಕ್ಕ ಹೇಳಿದ್ದೂ ಅದೇ ಲೆಕ್ಕ, ಕೆಸರಲ್ಲಿ ಅಷ್ಟೇ. ನೀವು ಎದುರಿಗೆ ಕಾಣುವ ಕಳೆಗೆ ಬೈಯುತ್ತೀರಿ. ನಮ್ಮ ಜೋಳಕ್ಕೆ ಸ್ಟ್ರೈಗಾ ಅಂತ ಒಂದು ಬರುತ್ತದೆ, ಅದು ಮಣ್ಣೊಳಗೇ ಜೋಳದ ಬೇರಿಗೆ ಅಂಟಿಕೊಂಡು ಹೀರುತ್ತದೆ. ಮೇಲೆ ಅದರ ಗಿಡ ಕಾಣುವ ಹೊತ್ತಿಗೆ ಬೆಳೆ ಬಾಡಿ ಆಗಿರುತ್ತದೆ. ಬೆಳೆ ಬದಲಿಸುವುದೇ ದಾರಿ. ಪ್ರತಿ ವರ್ಷ ಜೋಳದ ಮೇಲೆ ಜೋಳ ಹಾಕಿದವರಿಗೆ ಅದು ಬಿಡುವುದಿಲ್ಲ.

ಮದ್ದಿನ ಬಗ್ಗೆ ಒಂದು ಮಾತು. ಹರಿಯಾಣ, ಪಂಜಾಬ್ ಗೋಧಿಯಲ್ಲಿ ಗುಲ್ಲಿ ಡಂಡಾ ಅನ್ನುವ ಕಳೆಗೆ ವರ್ಷ ವರ್ಷ ಐಸೋಪ್ರೊಟ್ಯುರಾನ್ ಒಂದನ್ನೇ ಬಿಟ್ಟರು. 1990ರ ದಶಕದ ಶುರುವಿನಲ್ಲಿ ಕಳೆ ಆ ಮದ್ದಿಗೆ ಸಾಯುವುದೇ ನಿಂತಿತು. ಕೆಲವರು ಹಸಿ ಗೋಧಿಯನ್ನೇ ಕೊಯ್ದು ಮೇವಿಗೆ ಹಾಕಬೇಕಾಯಿತು. ನೀವೂ ಒಂದೇ ಬಾಟಲಿ ಹಿಡಿದುಕೊಂಡು ಕೂರಬೇಡಿ.


ಮೂಡುಬಿದಿರೆ ಮಜಲು:

ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡಬೇಡಿ. ನಮ್ಮದು ಬೇರೆ ತರದ ತೊಂದರೆ. ಹೋದ ಏಣಿಲಿಗೆ ಗದ್ದೆಯಲ್ಲಿ ಅಲ್ಲಲ್ಲಿ ಉದ್ದುದ್ದ ಬೆಳೆದ ಭತ್ತ ಬಂತು. ನಾಲಿಗೆ ಕಿವಿ ಎಲ್ಲ ಉಂಟು, ಭತ್ತವೇ. ಉಳಿದ ಪೈರಿಗಿಂತ ಮೊದಲೇ ತೆನೆ ಬಿಟ್ಟು, ಕಾಳಿಗೆ ಉದ್ದ ಮೀಸೆ, ಕೈ ತಾಗಿಸಿದರೆ ಉದುರುತ್ತದೆ. ನಾವು ಕೊಯ್ಯುವಾಗ ಅದರಲ್ಲಿ ಒಂದು ಕಾಳೂ ಇಲ್ಲ. ಬಿಸ್‌ಪೈರಿಬ್ಯಾಕ್ ಬಿಟ್ಟದ್ದೇ, ಅದಕ್ಕೆ ಏನೂ ಆಗಲಿಲ್ಲ.


ಬ್ರಹ್ಮಾವರದವ:

ಅದು ಕಾಡು ಭತ್ತ. ಕೇರಳದಲ್ಲಿ ವರಿನೆಲ್ಲು ಅನ್ನುತ್ತಾರೆ, ಪಾಲಕ್ಕಾಡು ಮತ್ತು ಕುಟ್ಟನಾಡಿನ ಗದ್ದೆಗಳಿಗೆ ಅದು ದೊಡ್ಡ ತಲೆನೋವು. ಭತ್ತಕ್ಕೆ ಏನೂ ಮಾಡದ ಮದ್ದು ಅದಕ್ಕೂ ಏನೂ ಮಾಡುವುದಿಲ್ಲ, ಎರಡೂ ಒಂದೇ ಜಾತಿ ಅಲ್ವಾ. ತೆನೆ ಬಿಟ್ಟ ಕೂಡಲೇ, ಕಾಳು ಬಲಿಯುವ ಮೊದಲು ಗದ್ದೆಗಿಳಿದು ಕತ್ತರಿಸಿ ತರಬೇಕು. ಬೇರೆ ಸುಲಭದ ದಾರಿ ಇಲ್ಲ. ಉದುರಿದ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಿ ಬೇಕಾದಾಗ ಏಳುತ್ತದೆ.

ಬಯಲುಸೀಮೆಯಲ್ಲಿ ಬಿಳಿ ಅಕ್ಕಿ ಬೆಳೆಯುವವರಿಗೆ ಇದು ಬೇಗ ಗೊತ್ತಾಗುತ್ತದೆ. ಮಿಲ್ಲಿನಲ್ಲಿ ಅಕ್ಕಿಯ ಮಧ್ಯೆ ಕೆಂಪು ಕಾಳು ಕಂಡರೆ ದರ ಬೀಳುತ್ತದೆ. ನಮ್ಮದು ಕೆಂಪು ಕುಚ್ಚಲಕ್ಕಿ, ಕಾಡು ಭತ್ತದ ಅಕ್ಕಿಯೂ ಕೆಂಪು. ಯಾರೂ ಗಮನಿಸುವುದಿಲ್ಲ, ಹಾಗಾಗಿ ಅದು ಸದ್ದಿಲ್ಲದೆ ಗದ್ದೆಯಿಂದ ಗದ್ದೆಗೆ ಹೋಗುತ್ತದೆ. ಬೀಜ ಎಲ್ಲಿಂದ ತಂದಿರಿ, ಕಟಾವಿಗೆ ಬಂದ ಯಂತ್ರ ಅದಕ್ಕಿಂತ ಮೊದಲು ಯಾವ ಗದ್ದೆಯಲ್ಲಿ ಇತ್ತು, ಎರಡನ್ನೂ ವಿಚಾರಿಸಿ. ಯಂತ್ರ ನಿಮ್ಮ ಗದ್ದೆಗೆ ಇಳಿಯುವ ಮೊದಲು ಒಳಗಿನ ಕಾಳು, ಹುಲ್ಲು ತೆಗೆಸಿ. ಚಾಲಕ ಗೊಣಗುತ್ತಾನೆ, ಗೊಣಗಲಿ.


ಬೈಲುಮನೆ, ಕಾಪು:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಸದ್ಯಕ್ಕೆ ಹೀಗೆ ಮಾಡುವ ಅಂತ. ರಸ್ತೆ ಕಡೆಯ ಅರ್ಧಕ್ಕೆ ಕೋನೋವೀಡರ್, ಅದು ಪಡುಬಿದ್ರಿಯ ಒಬ್ಬರ ಹತ್ತಿರ ಉಂಟಂತೆ. ಸಾಲಿನೊಳಗಿನದ್ದು ಅಮ್ಮ ಮತ್ತು ನಾವು ಕೀಳುವುದು. ಬಾವಿ ಕಡೆ ಮದ್ದು ಇಲ್ಲವೇ ಇಲ್ಲ. ಕೋನೋವೀಡರಿಗೆ ಬಗ್ಗದಿದ್ದರೆ ಮೇಲಿನ ತುಂಡಿಗೆ ಮಾತ್ರ, ಮಳೆ ಬಿಡುವು ಸಿಕ್ಕಿದರೆ, ಬಿಸ್‌ಪೈರಿಬ್ಯಾಕ್. ಯೂರಿಯಾ ಕಟ್ಟಿಟ್ಟಿದ್ದೇನೆ. ಮುಂದಿನ ವರ್ಷಕ್ಕೆ ಯಾವಾಗಿಂದ ಶುರು ಮಾಡಬೇಕು?


ಬ್ರಹ್ಮಾವರದವ:

ಮುಂದಿನ ವರ್ಷ ಶುರುವಾಗುವುದು ಈ ವರ್ಷದ ಕೊಯ್ಲಿನ ಮರುದಿನ. ಕೊಯ್ದ ಮೇಲೆ ಗದ್ದೆಯನ್ನು ಹಾಗೇ ಬಿಡಬೇಡಿ, ತೇವ ಇರುವಾಗಲೇ ಉದ್ದೋ ಅಲಸಂಡೆಯೋ ಹಾಕಿ. ಖಾಲಿ ಬಿಟ್ಟರೆ ಆ ಹುಲ್ಲು ನೆಮ್ಮದಿಯಲ್ಲಿ ಬೀಜ ಕಟ್ಟುತ್ತದೆ. ಒಂದು ಗಿಡದಿಂದ ಸಾವಿರಾರು ಬೀಜ. ಈಗ ಕೀಳಲು ಆಗದೆ ಉಳಿದ ಹುಲ್ಲಿನ ತೆನೆಯಾದರೂ ಕೊಯ್ಲಿಗೆ ಮೊದಲು ಕತ್ತಿಯಲ್ಲಿ ಕೊಯ್ದು ಹೊರಗೆ ಹಾಕಿ.

ಬೇಸಿಗೆಯಲ್ಲಿ ಒಂದು ಉಳುಮೆ. ಜೇಕಿನ ಗಡ್ಡೆ ಮೇಲೆ ಬಂದು ಏಪ್ರಿಲ್, ಮೇ ಬಿಸಿಲಿಗೆ ಒಣಗಲಿ. ಆಮೇಲೆ ಮುಂಗಾರಿಗೆ ಮೊದಲಿನ ಮಳೆ ಒಂದೆರಡು ಬೀಳುತ್ತದಲ್ಲ, ಆಗ ಕಳೆ ಧಾರಾಳ ಹುಟ್ಟುತ್ತದೆ. ಹುಟ್ಟಲಿ, ಹೆದರಬೇಡಿ, ಮಣ್ಣಲ್ಲಿದ್ದ ಬೀಜ ಅಷ್ಟು ಖರ್ಚಾಯಿತು ಅಂತ ಲೆಕ್ಕ. ಹತ್ತು ಹದಿನೈದು ದಿನ ಬಿಟ್ಟು ಎಲ್ಲವನ್ನೂ ಉತ್ತು ಕೆಸರಿಗೆ ಸೇರಿಸಿ. ಕೆಸರು ಉಳುಮೆ ಎರಡು ಸಲ, ನಡುವೆ ವಾರ ಬಿಟ್ಟು. ಕೊನೆಯ ಸುತ್ತಿಗೆ ಹಲಗೆ ಕಟ್ಟಿಸಿ ಆ ರಸ್ತೆ ಬದಿಯ ಮಣ್ಣನ್ನು ಕೆಳಗೆ ಎಳೆಸಿ, ನೀರು ನಿಲ್ಲಿಸಿದರೆ ಎಲ್ಲಿ ಉಬ್ಬು ಅಂತ ಕಣ್ಣಿಗೇ ಕಾಣುತ್ತದೆ. ಹಟ್ಟಿಗೊಬ್ಬರ ಚೆನ್ನಾಗಿ ಕೊಳೆತದ್ದೇ ಆಗಬೇಕು. ಹಸಿ ಗೊಬ್ಬರದಲ್ಲಿ ದನ ತಿಂದ ಹುಲ್ಲಿನ ಬೀಜ ಜೀವಂತ ಇರುತ್ತದೆ. ಬಿತ್ತನೆ ಬೀಜವನ್ನು ಉಪ್ಪು ನೀರಿಗೆ ಹಾಕಿ ತೇಲಿದ ಜಳ್ಳು, ಕಳೆ ಬೀಜ ತೆಗೆದು, ಒಳ್ಳೆಯ ನೀರಲ್ಲಿ ತೊಳೆದು ಮೊಳಕೆಗೆ ಇಡಿ.


ಟಿಲ್ಲರ್ ಅಣ್ಣ, ಕಾರ್ಕಳ:

ಅದೆಲ್ಲ ಸರಿ. ಹಲಗೆ ಕಟ್ಟಿ ಸಮ ಮಾಡಿಕೊಡುವುದಾದರೆ ಟಿಲ್ಲರಿನವರಿಗೆ ಏಪ್ರಿಲಿನಲ್ಲೇ ಹೇಳಿಡಿ, ಗಂಟೆ ಲೆಕ್ಕ ಸ್ವಲ್ಪ ಜಾಸ್ತಿ ಆಗುತ್ತದೆ ಅಂತಲೂ ಮೊದಲೇ ಮಾತಾಡಿ. ಜೂನ್ ಹತ್ತರ ನಂತರ ಫೋನ್ ಮಾಡಿದರೆ ನಾನೇ ಎತ್ತುವುದಿಲ್ಲ.